ಮೆಟ್ಟುಕೊಯ್ದ ಕಣಿವೆ

ಕಾವಳಗಿರಿಯ ಬೆನ್ನು ಒಂದು ಕಡೆ ತಗ್ಗಿ, ಈಚೆಯ ಬಯಲಿಗೂ ಆಚೆಯ ಘಟ್ಟದ ಇಳಿಜಾರಿಗೂ ದಾರಿ ಬಿಡುತ್ತದೆ. ಆ ಜಾಗಕ್ಕೆ ಮೆಟ್ಟುಕೊಯ್ದ ಕಣಿವೆ ಎಂದು ಹೆಸರು. ಬಾಗಿಲಹಟ್ಟಿಯಿಂದ ಜೀಪಿನಲ್ಲಿ ಹೊರಟರೆ ಮುಕ್ಕಾಲು ಗಂಟೆಯ ಹಾದಿ. ಕಾಲುನಡಿಗೆಯವರಿಗೆ ಮೂರು ತಾಸು ಹಿಡಿಯುತ್ತದೆ. ಮೇಲೆ ಮರವೆಂಬುದಿಲ್ಲ. ಮೊಣಕಾಲೆತ್ತರದ ಹುಲ್ಲು, ಅದರ ನಡುವೆ ಒಕ್ಕಣೆಯ ಕಣದಷ್ಟು ಅಗಲದ ಒಂದು ಕರಿಯ ಹಾಸುಬಂಡೆ, ಬಂಡೆಯ ಮೂಡಲಿಗೆ ಕೆಳಗಿಣುಕಿದರೆ ತಲೆ ತಿರುಗುವಂಥ ಕೊರಕಲು. ಪುಷ್ಯ ಮಾಸದ ಬೆಳಗಿನಲ್ಲಿ ಇಬ್ಬನಿ ಹುಲ್ಲಿನ ಮೇಲೆಯೇ ಹೆಪ್ಪುಗಟ್ಟಿ, ಉಪ್ಪು ಚೆಲ್ಲಿದ ಹಾಗೆ ಕಾಣುತ್ತದೆ. ಅದನ್ನು ನೋಡಲೆಂದೇ ಈಗ ಪಟ್ಟಣದ ಮಂದಿ ದಪ್ಪ ಬೂಟು ಹಾಕಿಕೊಂಡು ಬರುತ್ತಾರೆ, ಬಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಕೆಳಗಿನ ಚಹದಂಗಡಿಯಲ್ಲಿ ಬಜ್ಜಿ ತಿಂದು ಹೋಗುತ್ತಾರೆ. ಇಂಥ ಹೆಸರು ಯಾಕೆ ಬಂತು ಎಂದು ಯಾರಾದರೂ ಕೇಳಿದರೆ, ಅಂಗಡಿಯವನು ಯಾರದೋ ಬೂಟು ಇಲ್ಲಿ ಹರಿದುಹೋಗಿತ್ತಂತೆ ಎಂದು ನಗೆಯಾಡುತ್ತಾನೆ. ಅವನ ಬಜ್ಜಿ ಚೆನ್ನಾಗಿರುತ್ತದೆ, ಮಾತನ್ನು ನಂಬಬೇಕಾಗಿಲ್ಲ.

ಹೆಸರು ತಿಳಿಯಬೇಕಾದರೆ ಮೊದಲು ಕಂಬಳಿಮೆಟ್ಟು ತಿಳಿದಿರಬೇಕು. ಈಗ ಅದನ್ನು ಮೆಟ್ಟುವವರು ಯಾರೂ ಇಲ್ಲ. ಹೊಲಿಯಬಲ್ಲವರು ಬಾಗಿಲಹಟ್ಟಿಯ ಕೆಳಗೇರಿಯಲ್ಲಿ ಇಬ್ಬರು ಮುದುಕರಿದ್ದಾರೆ, ಅವರಿಗೂ ಕಣ್ಣು ಸರಿಯಾಗಿ ಕಾಣುವುದಿಲ್ಲ. ಎಮ್ಮೆಯ ತೊಗಲಿನ ದಪ್ಪ ಅಟ್ಟೆ, ಅದರ ಮೇಲೆ ಮೀನಖಂಡದವರೆಗೆ ಏರುವ ಮೆದು ತೊಗಲು, ಒಳಗೆ ಕುರಿಯುಣ್ಣೆಯನ್ನು ತಟ್ಟಿ, ಹುಣಸೆಬೀಜದ ಗಂಜಿ ಕುಡಿಸಿ, ಒತ್ತಿ ಮಾಡಿದ ಬೆಚ್ಚನೆಯ ಪದರ, ಇವಿಷ್ಟು ಸೇರಿದರೆ ಕಂಬಳಿಮೆಟ್ಟು. ಹೊಸ ಜೋಡಿಯನ್ನು ಒದ್ದೆಯಲ್ಲೇ ಮೆಟ್ಟಬೇಕು. ಅದು ಕಾಲಿನ ಮೇಲೆಯೇ ಒಣಗಿ ಕಾಲಿನ ಅಚ್ಚು ಹಿಡಿಯಬೇಕು. ಕಣಿವೆ ಹತ್ತುವವನಿಗೆ ಬೆಟ್ಟದ ಬುಡದಲ್ಲಿ, ಹೊಲಿದವನೇ ತನ್ನ ಕೈಯಿಂದ ಬಾರು ಬಿಗಿದು ಗಂಟು ಹಾಕುತ್ತಿದ್ದ. ಆ ಗಂಟನ್ನು ಬಿಚ್ಚುವುದು ಗಿರಿಯಿಂದ ಇಳಿದ ಮೇಲೆಯೇ. ಮೇಲೆ ನಿಂತು ಬಿಚ್ಚಿದವನ ಕಾಲು ಅವನಿಗೆ ದಕ್ಕುವುದಿಲ್ಲ ಎನ್ನುತ್ತಿದ್ದರು. ಇದು ಮೂಢನಂಬಿಕೆಯಲ್ಲ, ಆ ಚಳಿಯನ್ನು ಕಂಡವರ ಬುದ್ಧಿಮಾತು.

ಇನ್ನೊಂದು ಕಟ್ಟಳೆಯೂ ಇತ್ತು, ಈ ಕಥೆಯ ಜೀವ ಇರುವುದು ಅದರಲ್ಲಿ. ಕಂಬಳಿಮೆಟ್ಟಿನ ಬಾರನ್ನು ಬದುಕಿರುವವನ ಕಾಲಿನಿಂದ ಬಿಚ್ಚುತ್ತಾರೆಯೇ ಹೊರತು ಕೊಯ್ಯುವುದಿಲ್ಲ. ಕೊಯ್ಯುವುದು ಹೆಣದ ಕಾಲಿನಿಂದ. ಮನೆಯ ಯಜಮಾನ ಹೆಣದ ಪಕ್ಕದಲ್ಲಿ ನಿಂತು 'ಕೊಯ್ಯಿ' ಎಂದು ಮೂರು ಸಲ ಹೇಳಬೇಕು, ಮೆಟ್ಟು ಹೊಲಿದವರು ತೊಗಲು ಕೊಯ್ಯುವ ರಂಪಿಗೆಯಿಂದ ಬಾರು ಕೊಯ್ಯಬೇಕು. ಅಲ್ಲಿಗೆ ಆ ಮನುಷ್ಯ ಈ ಲೋಕದ ಲೆಕ್ಕದಿಂದ ಹೊರಗಾದ. ಆಮೇಲೆ ಯಾರೂ ಅವನ ಹೆಸರು ಹಿಡಿದು ಕರೆಯುವುದಿಲ್ಲ, ಅವನ ದನಿ ಕೇಳಿಸಿದರೂ ಓಗೊಡುವುದಿಲ್ಲ. ಮೆಟ್ಟು ಹೊಲಿಯುವವರ ಮನೆಯಲ್ಲಿ ಊರಿನವರ ಪ್ರತಿಯೊಂದು ಕಾಲಿಗೂ ಒಂದೊಂದು ಅಳತೆದಾರ ಇರುತ್ತಿತ್ತು. ಮೆಟ್ಟು ಕೊಯ್ದ ದಿನ ಆ ದಾರವನ್ನು ತಂದು ಹೆಣದ ಜೊತೆಗೇ ಹೂಳುತ್ತಿದ್ದರು. ದಾರ ಮನೆಯಲ್ಲಿರುವವರೆಗೆ ಆ ಮನುಷ್ಯ ಬದುಕಿದ್ದಾನೆ ಎಂದೇ ಅರ್ಥ.

ಹಿಂದೆ ಒಮ್ಮೆ, ಘಟ್ಟದ ಕೆಳಗಿನ ಉಪ್ಪು ಎತ್ತುಗಳ ಬೆನ್ನೇರಿ ಈ ಕಣಿವೆಯಿಂದಲೇ ಮೇಲಿನ ಸೀಮೆಗೆ ಬರುತ್ತಿದ್ದ ಕಾಲದಲ್ಲಿ, ಬಾಗಿಲಹಟ್ಟಿಯ ಕೆಳಗೇರಿಯಲ್ಲಿ ಮುದ್ದೀರ ಎಂಬವನಿದ್ದ. ಅವನ ಕೈ ಮುಟ್ಟಿದ ಅಟ್ಟೆ ಹತ್ತು ಚಳಿಗಾಲ ಬರುತ್ತದೆ ಎಂಬ ಮಾತಿತ್ತು. ಅವನ ಹೆಂಡತಿ ಹೊಂಬಾಳಿ. ತೊಗಲು ಅವನದು, ಉಣ್ಣೆ ಅವಳದು. ಅವನು ತಂಗಡಿಚಕ್ಕೆಯ ನೀರಿನಲ್ಲಿ ತೊಗಲು ಹದ ಮಾಡುತ್ತಿದ್ದರೆ ಅವಳು ಜಗಲಿಯ ಮೇಲೆ ಕೂತು ಉಣ್ಣೆ ತಟ್ಟುತ್ತಿದ್ದಳು, ತಟ್ಟುತ್ತಲೇ ಅವನನ್ನು ಕಾಡಿಸುತ್ತಿದ್ದಳು. "ಊರಿಗೆಲ್ಲ ಬೆಚ್ಚಗೆ ಹೊಲಿದುಕೊಡ್ತೀಯ, ನಿನ್ನ ಹಿಮ್ಮಡಿ ನೋಡಿಕೊ, ಬಿರುಕು ಬಿಟ್ಟ ಕೆರೆಯಂಗಳ ಇದ್ದಂಗಿದೆ" ಎನ್ನುವಳು. ಅವನು ನಗುವನು. ಕಡೆಗೆ ಒಂದು ವರ್ಷ ಅವಳೇ ಹಟ ಹಿಡಿದು ಅವನ ಕಾಲಿಗೊಂದು ಜೋಡಿ ಮಾಡಿಸಿದಳು. ಒಳಪದರದ ಹೊಲಿಗೆಯಲ್ಲಿ ತನ್ನ ತಲೆಯ ಒಂದು ಕೂದಲನ್ನು ದಾರದೊಂದಿಗೆ ಹೊಸೆದು ಸೇರಿಸಿದಳು. ಆ ಕೇರಿಯ ಹೆಂಗಸರು ಗಂಡನಿಗೆಂದು ಹಾಗೆ ಮಾಡುತ್ತಿದ್ದರು, ಹೊರಗಿನವರಿಗೆ ಹೇಳುತ್ತಿರಲಿಲ್ಲ.

ಕಣಿವೆಯ ಒಡೆತನ ಆಗ ಬೊಪ್ಪ ಹೆಗ್ಗಡೆಯದು. ಆನೆ ನಡೆದದ್ದೇ ದಾರಿ ಎನ್ನುವಂಥ ಮನುಷ್ಯ. ಕೆಳಗೇರಿಯವರು ಅವನ ಬೀದಿಯಲ್ಲಿ ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ನಡೆಯಬೇಕಾಗಿತ್ತು. ಸೀಮೆಗೆಲ್ಲ ಮೆಟ್ಟು ಹೊಲಿದುಕೊಡುವವರಿಗೇ ಈ ಪಾಡು! ಗಿರಿಯ ಮೇಲೆ ಮಾತ್ರ ಆ ನೇಮ ನಡೆಯುತ್ತಿರಲಿಲ್ಲ, ಅಲ್ಲಿ ಗಿರಿಯ ಕಟ್ಟಳೆಯೇ ದೊಡ್ಡದು ಎಂದು ಹಿರಿಯರು ಮಾಡಿಟ್ಟಿದ್ದರು. ಒಂದು ಪುಷ್ಯ ಮಾಸದಲ್ಲಿ ಮುದ್ದೀರ ಆಚೆಸೀಮೆಯವರಿಗೆ ನಾಲ್ಕು ಜೋಡಿ ತಲುಪಿಸಲು ಬೆಳಗ್ಗೆಯೇ ಕಣಿವೆ ಹತ್ತಿದ. ಹೊಂಬಾಳಿಯೇ ಅವನ ಬಾರು ಬಿಗಿದು ಗಂಟು ಹಾಕಿದಳು. ಅವನು ಆಚೆಗೆ ಮುಟ್ಟಲಿಲ್ಲ, ಈಚೆಗೂ ಬರಲಿಲ್ಲ.

ನಾಲ್ಕನೆಯ ದಿನ ಹೆಗ್ಗಡೆಯ ಮನೆಯಿಂದ ಮಾತು ಹೊರಟಿತು. ಉಪ್ಪಿನೆತ್ತಿನವರ ಪೈಕಿ ಒಬ್ಬ ಹುಡುಗಿಯ ಹಿಂದೆ ಮುದ್ದೀರ ಘಟ್ಟ ಇಳಿದುಹೋದನಂತೆ, ಹೆಗ್ಗಡೆಯವರೇ ಕಣ್ಣಾರೆ ಕಂಡರಂತೆ. ಆಡುವವರ ಬಾಯಿಗೆ ಬೀಗವುಂಟೇ? ಬಾವಿಕಟ್ಟೆಯ ಮೇಲೆ, ಕುರಿಹಟ್ಟಿಯಲ್ಲಿ, ಹೋದಲ್ಲೆಲ್ಲ ಹೊಂಬಾಳಿಗೆ ಓಡಿಹೋದವನ ಹೆಂಡತಿ ಎಂಬ ಹೆಸರು ಅಂಟಿತು. ಅವಳ ನೋವು ಅಷ್ಟರಲ್ಲೇ ಮುಗಿಯಲಿಲ್ಲ. ಗಂಡ ಸತ್ತಿದ್ದರೆ ಅವನ ಮೆಟ್ಟು ಕೊಯ್ಯಬೇಕು, ದಾರ ಹೂಳಬೇಕು, ಅಳಬೇಕು. ಬದುಕಿದ್ದರೆ ಅವನಿಗಾಗಿ ಕಾಯಬೇಕು. ಇವಳು ಎರಡನ್ನೂ ಮಾಡುವಂತಿರಲಿಲ್ಲ. ಬಿದಿರಿನ ನಳಿಗೆಯಲ್ಲಿ ಅವನ ಕಾಲಿನ ದಾರ ಹಾಗೆಯೇ ಇತ್ತು. ದಿನಕ್ಕೊಮ್ಮೆ ಅದನ್ನು ತೆಗೆದು ನೋಡುವಳು, ಮತ್ತೆ ಇಡುವಳು. ಅವನು ಎಲ್ಲಿ ಬಿದ್ದಿದ್ದಾನೆಂದು ತಿಳಿಯಬೇಕು, ಅವನನ್ನು ಮಣ್ಣು ಮಾಡಬೇಕು, ಅವನ ಹೆಸರಿಗೆ ಬಳಿದ ಮಸಿಯನ್ನು ತೊಳೆಯಬೇಕು. ಅವಳಿಗೆ ಬೇರೆ ಬದುಕೇ ಉಳಿಯಲಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಹೆಗ್ಗಡೆಯ ಆಳು ಮಂಚ ಕೇರಿಗೆ ಬಂದ. ಕೈಯಲ್ಲಿ ಒಂದು ಜೋಡಿ ಕಂಬಳಿಮೆಟ್ಟು, ಅಟ್ಟೆ ಬಾಯಿ ಬಿಟ್ಟಿತ್ತು. ಸುತ್ತ ಏಳು ಹಳ್ಳಿಗೆ ಹೊಲಿಯುವ ಮನೆ ಇದೊಂದೇ, ಬೇರೆಲ್ಲಿಗೆ ಹೋದಾನು? ಹೊಂಬಾಳಿ ತೆಗೆದುಕೊಂಡಳು. ಮೇಲಿನ ತೊಗಲಿಗೆ ಯಾರೋ ಕಾಡಿಗೆ ಬಳಿದಿದ್ದರು, ಬಾರು ಮಾತ್ರ ಹಳೆಯದೇ. ಅಟ್ಟೆ ಬಿಡಿಸಿ ಒಳಪದರ ಎತ್ತಿದಾಗ ಹೊಲಿಗೆಯ ದಾರದಲ್ಲಿ ಹೊಸೆದುಕೊಂಡ ಉದ್ದನೆಯ ಕೂದಲು ಬೆರಳಿಗೆ ಸಿಕ್ಕಿತು. ಅವಳು ತಲೆ ಎತ್ತಲಿಲ್ಲ.

"ಇದು ಯಾರದಪ್ಪ, ಮಂಚಣ್ಣ?"

"ನಂದೇ. ಒಡೆಯರು ಕೊಟ್ಟರು."

"ಬಾರು ಕೊಯ್ದಿಲ್ಲ. ಗಂಟು ಬಿಚ್ಚಿ ತೆಗೆದಿದ್ದಾರೆ. ಬದುಕಿದ್ದವನ ಕಾಲಿಂದ ತೆಗೆದ ಮೆಟ್ಟು ಇದು."

ಮಂಚನ ಮುಖ ಬಿಳಿಚಿಕೊಂಡಿತು. "ನನ್ನ ಬಾಯಿ ಬಿಡಿಸಬೇಡ ಅಕ್ಕ. ನಂಗೂ ಹೆಂಡತಿ ಮಕ್ಕಳಿದಾರೆ" ಎಂದವನೇ ಮೆಟ್ಟನ್ನೂ ಬಿಟ್ಟು ಹೊರಟುಹೋದ. ಹೊಂಬಾಳಿ ಆ ಜೋಡಿಯನ್ನು ಮಡಿಲಲ್ಲಿಟ್ಟುಕೊಂಡು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು, ಅಕ್ಕಪಕ್ಕದವರಿಗೆ ಕೇಳಿಸಬಾರದೆಂದು. ಅತ್ತು ಮುಗಿದ ಮೇಲೆ ಒಲೆಯ ಮುಂದೆ ಕೂತಳು. ಹೆಗ್ಗಡೆಯ ಮೇಲೆ ದೂರು ಕೊಡಲು ಹೆಗ್ಗಡೆಯ ಚಾವಡಿಗೇ ಹೋಗಬೇಕು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಅವನ ಮನೆಗೆ ಬೆಂಕಿ ಇಡುವ ಯೋಚನೆ ಬಂತು. ಒಳಗೆ ಹೆಂಗಸರು ಮಕ್ಕಳಿದ್ದಾರೆ ಎಂದು ಬಿಟ್ಟಳು. ಊಟಕ್ಕೆ ವಿಷ ಹಾಕೋಣವೆಂದರೆ ಇವಳ ಕೈಯ ಊಟ ಅವನು ಮುಟ್ಟುವವನಲ್ಲ. ಅವನು ಇವಳ ಕೈಯಿಂದ ತೆಗೆದುಕೊಳ್ಳುವ ವಸ್ತು ಒಂದೇ ಒಂದಿತ್ತು.

ಪ್ರತಿವರ್ಷ ಪುಷ್ಯದ ಹುಣ್ಣಿಮೆಯ ಬೆಳಗ್ಗೆ ಗಡಿಪೂಜೆ. ಈಚೆಯ ಹೆಗ್ಗಡೆಯೂ ಆಚೆಸೀಮೆಯ ಹೆಗ್ಗಡೆಯೂ ತಮ್ಮ ತಮ್ಮ ಬಳಗದೊಡನೆ ನಡೆದೇ ಕಣಿವೆ ಹತ್ತಿ, ಹಾಸುಬಂಡೆಯ ಮೇಲೆ ತಾಂಬೂಲ ಬದಲಾಯಿಸಿಕೊಳ್ಳಬೇಕು. ಆ ದಿನಕ್ಕೆ ಹೊಸ ಕಂಬಳಿಮೆಟ್ಟು. ಮಾರ್ಗಶಿರದಲ್ಲಿ ಹೆಗ್ಗಡೆ ಹೊಂಬಾಳಿಯನ್ನು ಅಂಗಳಕ್ಕೆ ಕರೆಸಿದ.

"ಗಂಡ ಓಡಿಹೋದ. ಕೈಕಸಬೂ ಅವನ ಜೊತೆಗೇ ಓಡಿಹೋಯ್ತೋ, ನಿನ್ನ ಹತ್ತಿರ ಏನಾದರೂ ಉಳಿದಿದೆಯೋ?"

"ಉಳಿದಿದೆ ಬುದ್ಧಿ. ಒಡೆಯರ ಕಾಲಿನ ದಾರ ನಮ್ಮ ಮನೇಲೇ ಇದೆ" ಎಂದಳು ಹೊಂಬಾಳಿ, ನೆಲ ನೋಡುತ್ತ. ಹೆಗ್ಗಡೆ ನಕ್ಕ. ಗಂಟು ಹಾಕುವುದಕ್ಕೂ ಬಿಚ್ಚುವುದಕ್ಕೂ ನೀನೇ ಬರಬೇಕಾಗುತ್ತದೆ, ಗಿರಿ ಹತ್ತುವಾಗ ಬರಿಗಾಲಲ್ಲೇ ಬಾ, ನಿನ್ನ ಗಂಡನ ಹಾಗೆ ಮೆರೆಯಬೇಡ ಎಂದ. ಆ ಕೊನೆಯ ಮಾತು ಅವನ ಬಾಯಿಂದ ಜಾರಿಬಿದ್ದದ್ದು. ಮುದ್ದೀರ ಎಲ್ಲಿ ಮೆರೆದ, ಯಾವಾಗ ಮೆರೆದ ಎಂದು ಅವಳು ಕೇಳಲಿಲ್ಲ. ಆಗಲಿ ಬುದ್ಧಿ ಎಂದು ಕೈಮುಗಿದು ಬಂದಳು.

ತಮಟೆ ಬಾರಿಸುವವರು ಬಾರಿಸುವ ಮೊದಲು ಅದನ್ನು ಬೆಂಕಿಗೆ ಹಿಡಿಯುವುದನ್ನು ನೀವು ಕಂಡಿರುತ್ತೀರಿ. ಹದ ಮಾಡದ ಹಸಿತೊಗಲು ಒದ್ದೆಯಿದ್ದಾಗ ಹಿಟ್ಟಿನ ಹಾಗೆ ಮೆತ್ತಗೆ. ಕಾವು ತಾಗಿತೋ, ಬಿಗಿದು ಬಿಗಿದು ಬೆರಳಲ್ಲಿ ತಟ್ಟಿದರೆ ಠಣ್ಣೆನ್ನುತ್ತದೆ. ಕೇರಿಯಲ್ಲಿ ಇದು ಎಲ್ಲರಿಗೂ ಗೊತ್ತು. ಮೆಟ್ಟಿಗೆ ಅಂಥ ತೊಗಲನ್ನು ಮಾತ್ರ ಯಾರೂ ತಪ್ಪಿಯೂ ಹಾಕುವುದಿಲ್ಲ. ಹಾಕಿದವನ ಕೈ ಕಡಿಯಬೇಕು ಎನ್ನುತ್ತಿದ್ದರು. ಹೊಂಬಾಳಿ ಎಮ್ಮೆಯ ಹಸಿತೊಗಲಿನ ಒಂದು ಪಟ್ಟಿಯನ್ನು ತನ್ನ ಮುಂಗೈಗೇ ಸುತ್ತಿಕೊಂಡು ಒಲೆಯ ಮುಂದೆ ಕೂತು ನೋಡಿದಳು. ಒಂದು ಅನ್ನ ಬೇಯುವಷ್ಟರಲ್ಲಿ ಬೆರಳು ನೀಲಿಯಾದವು. ಹಲ್ಲು ಕಚ್ಚಿ ಇನ್ನೂ ಸ್ವಲ್ಪ ಹೊತ್ತು ತಡೆದಳು, ಆಮೇಲೆ ರಂಪಿಗೆಯಿಂದ ಕೊಯ್ದುಕೊಂಡಳು. ಕೊಯ್ದ ಗಾಯ ಕಡೆಯವರೆಗೂ ಮಾಯದೆ ಕಪ್ಪಗೆ ಉಳಿಯಿತಂತೆ. "ಸಾಕು, ಆಗುತ್ತೆ" ಎಂದು ತನಗೆ ತಾನೇ ಹೇಳಿಕೊಂಡಳು.

ಆಮೇಲೆ ಹೆಗ್ಗಡೆಯ ದಾರ ತೆಗೆದು, ಅಳತೆಗೆ ಕೂದಲೆಳೆಯಷ್ಟೂ ತಪ್ಪದ ಹಾಗೆ ಹೊಲಿದಳು. ಹೊರಗೆ ಹದವಾದ ಮೆದು ತೊಗಲು, ಒಳಗೆ ಬೆಳ್ಳನೆಯ ಉಣ್ಣೆ, ಎರಡರ ನಡುವೆ ಹಿಮ್ಮಡಿಯಿಂದ ಮೀನಖಂಡದವರೆಗೆ ಸುತ್ತಿ ಬರುವ ಹಸಿತೊಗಲಿನ ಪಟ್ಟಿಗಳು. ಬಾರು ಕೂಡ ಹಸಿತೊಗಲಿನದೇ. ವಾಸನೆ ಹೊಡೆಯದಂತೆ ತಂಗಡಿಯ ನೀರು ಹಚ್ಚಿ, ಹರಳೆಣ್ಣೆ ತೀಡಿದಳು. ಹುಣ್ಣಿಮೆಯ ಬೆಳಗ್ಗೆ ಬೆಟ್ಟದ ಬುಡದಲ್ಲಿ ಒದ್ದೆ ಜೋಡಿಯನ್ನು ಹೆಗ್ಗಡೆಯ ಕಾಲಿಗೆ ತೊಡಿಸಿದಾಗ ಅವನು ಕಾಲು ಆಡಿಸಿ ನೋಡಿ, "ಗಂಡನಿಗಿಂತ ನಿನ್ನ ಕೈಯೇ ವಾಸಿ. ಹೂವಿನಂಗಿದೆ" ಎಂದ. ಅವಳು ಮೂರು ಸುತ್ತು ಸುತ್ತಿ ಗಂಟು ಹಾಕಿದಳು.

ಹತ್ತುವ ದಾರಿಯುದ್ದಕ್ಕೂ ಹುಲ್ಲಿನ ಇಬ್ಬನಿ ಆ ಮೆಟ್ಟನ್ನು ಒದ್ದೆಯಾಗಿಯೇ ಇಟ್ಟಿತು. ಮುಂದೆ ಹೆಗ್ಗಡೆ, ಅವನ ಹಿಂದೆ ತಮ್ಮ, ದಾಯಾದಿಗಳು, ಆಳುಗಳು, ಎಲ್ಲರ ಹಿಂದೆ ಬರಿಗಾಲಿನಲ್ಲಿ ಹೊಂಬಾಳಿ. ಹೆಪ್ಪುಗಟ್ಟಿದ ಹುಲ್ಲು ಮೊದಲು ಗಾಜಿನ ಚೂರಿನಂತೆ ಚುಚ್ಚಿತು, ಅರ್ಧ ದಾರಿಗೆ ಕಾಲು ತನ್ನದೇ ಅಲ್ಲವೆನ್ನಿಸಿತು. ಮುದ್ದೀರನ ಕಾಲಿಗೂ ಹೀಗೇ ಆಗಿತ್ತೇ ಎಂಬ ಯೋಚನೆ ಬಂತು. ಆ ಯೋಚನೆಯೇ ಅವಳನ್ನು ಮೇಲೆ ಹತ್ತಿಸಿತು ಎನ್ನುತ್ತಾರೆ.

ಆಚೆಸೀಮೆಯವರು ಮಂಜಿನಲ್ಲಿ ದಾರಿ ಕಾಣದೆ ತಡವಾದರು. ಕಾಯುವವರು ಹಾಸುಬಂಡೆಯ ಮೇಲೆ ದೊಡ್ಡ ಬೆಂಕಿ ಹಾಕಿದರು. ಹೆಗ್ಗಡೆ ಎಲ್ಲರಿಗಿಂತ ಹತ್ತಿರ ಕೂತು, ಕಾಲೆರಡನ್ನೂ ಬೆಂಕಿಯ ಕಡೆಗೆ ಚಾಚಿದ. ಮೆಟ್ಟಿನಿಂದ ಹಬೆ ಏಳತೊಡಗಿತು. ಹೊಂಬಾಳಿ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಆ ಹಬೆಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹೆಗ್ಗಡೆ ಕಾಲು ಅಲುಗಾಡಿಸಿದ. ಇನ್ನೂ ಸ್ವಲ್ಪ ಹೊತ್ತಿಗೆ ಬಗ್ಗಿ ಮೀನಖಂಡ ಹಿಡಿದುಕೊಂಡ. ಚಳಿಗೆ ಸೆಟೆದಿದೆ, ಇನ್ನಷ್ಟು ಕಾಯಿಸಿ ಎಂದು ದಾಯಾದಿಯೊಬ್ಬ ಬುದ್ಧಿ ಹೇಳಿದ. ಹೆಗ್ಗಡೆ ಕೇಳಿದ, ಇನ್ನಷ್ಟು ಕಾಯಿಸಿದ. ಆಚೆಸೀಮೆಯವರು ಮಂಜಿನಿಂದ ಮೇಲೆದ್ದು ಬರುವ ಹೊತ್ತಿಗೆ ಅವನು ಬಂಡೆಯ ಮೇಲೆ ಹೊರಳಾಡುತ್ತಿದ್ದ. ತಮ್ಮ ಬಂದು ಗಂಟಿಗೆ ಕೈಹಾಕಿದ. ಉಗುರು ಮುರಿಯಿತೇ ಹೊರತು ಗಂಟು ಕದಲಲಿಲ್ಲ, ಅದು ಕಲ್ಲಾಗಿತ್ತು. ನೀರು ಹಾಕಿ ನೆನೆಸೋಣವೆಂದರೆ ತಂದ ನೀರು ಚೊಂಬಿನಷ್ಟು. ಒಬ್ಬ ಚೂರಿ ತೆಗೆದ.

"ಕೊಯ್ಯಬೇಡ್ರೋ!" ಎಂದು ಹೆಗ್ಗಡೆ ಕಿರುಚಿದ. "ನಾನು ಸತ್ತಿಲ್ಲ! ಎರಡು ಸೀಮೆಯ ಎದುರಿಗೆ ನನ್ನ ಮೆಟ್ಟು ಕೊಯ್ತೀರೇನ್ರೋ?" ಚೂರಿ ತೆಗೆದವನು ಹಾವು ಹಿಡಿದವನ ಹಾಗೆ ಅದನ್ನು ಕೆಳಗೆ ಹಾಕಿದ. ಹೆಗ್ಗಡೆ ಹೊಂಬಾಳಿಯತ್ತ ಕೈ ತೋರಿಸಿದ. "ಗಂಟು ಹಾಕಿದವಳು ಅವಳು. ಬಿಚ್ಚಲಿ."

ಹೊಂಬಾಳಿ ಎದ್ದು ಬಂದು ಅವನ ಕಾಲ ಬುಡದಲ್ಲಿ ಕೂತಳು. ಮೆಟ್ಟಿನ ಅಂಚಿನ ಮೇಲೆ ಮಾಂಸ ಉಕ್ಕಿ ಕಪ್ಪಾಗಿತ್ತು. ಅವಳು ಗಂಟು ಮುಟ್ಟಲಿಲ್ಲ.

"ನನ್ನ ಗಂಡ ಎಲ್ಲಿ?"

"ಓಡಿಹೋದ ಅಂತ ಹೇಳಲಿಲ್ವೇನೆ, ಮುಂಡೆ!"

"ಈಗ ಮುಂಡೆ ಅಂದಿರಿ" ಎಂದಳು ಹೊಂಬಾಳಿ. "ಮುಂಡೆ ಅಂದರೆ ಗಂಡ ಸತ್ತವಳು. ಎಲ್ಲಿ ಸತ್ತ, ಹೇಳಿ ಬುದ್ಧಿ." ಹಾಗೆನ್ನುತ್ತ ಒಂದು ಸೌದೆಯನ್ನು ಎತ್ತಿ ಬೆಂಕಿಗೆ ಹಾಕಿದಳು.

ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ. ಎರಡು ಸಲ ಸುಳ್ಳು ಹೇಳಿ ನೋಡಿದ, ಮೂರನೆಯ ಸಲಕ್ಕೆ ನೋವು ನಿಜವನ್ನು ಕಕ್ಕಿಸಿತು. ಹೋದ ಪುಷ್ಯದಲ್ಲಿ ಇದೇ ಬಂಡೆಯ ಮೇಲೆ ಮುದ್ದೀರ ಎದುರಾಗಿದ್ದ, ಕಾಲಲ್ಲಿ ಮೆಟ್ಟಿತ್ತು. ಹೆಗ್ಗಡೆಯ ಜೊತೆಯಲ್ಲಿ ಬೀಗರಿದ್ದರು, ಬೀಗರ ಮುಂದೆ ದೊಡ್ಡಸ್ತಿಕೆ ತೋರಿಸಬೇಕಾಗಿತ್ತು. ಬಿಚ್ಚು ಎಂದ. ಗಿರಿಯ ಕಟ್ಟಳೆ ಬುದ್ಧಿ, ಇಲ್ಲಿ ಬಿಚ್ಚಬಾರದು, ಇಳಿದ ಮೇಲೆ ತಮ್ಮ ಕಾಲಿಗೆ ಬೀಳುತ್ತೇನೆ ಎಂದು ಮುದ್ದೀರ ಕೈಮುಗಿದ. ಹೆಗ್ಗಡೆ ಆಳುಗಳಿಂದ ಹಿಡಿಸಿ ಬಿಚ್ಚಿಸಿದ. ಬಿಸಿಲೇರುವ ತನಕ ಬರಿಗಾಲಲ್ಲಿ ಹೆಪ್ಪುಗಟ್ಟಿದ ಬಂಡೆಯ ಮೇಲೆ ನಿಲ್ಲಿಸಿದ. ಹೋಗು ಎಂದಾಗ ಕಾಲಿಗೆ ಸ್ಪರ್ಶವೇ ಇರಲಿಲ್ಲ. ಎರಡು ಹೆಜ್ಜೆ ಇಟ್ಟವನು ಮೂಡಲ ಕೊರಕಲಿಗೆ ಜಾರಿದ.

"ಬಿದ್ದ ತಕ್ಷಣ ಹೋದನಾ?" ಎಂದು ಹೊಂಬಾಳಿ ಕೇಳಿದಳು. ಗುಂಪಿನ ಹಿಂದಿನಿಂದ ಮಂಚ ಅಳುತ್ತ ಹೇಳಿದ: "ಇಲ್ಲ ಅಕ್ಕ. ಹೊತ್ತು ನೆತ್ತಿಗೆ ಬರೋತಂಕ ಕೂಗ್ತಾ ಇದ್ದ. ಹಗ್ಗ ಇಳಿಬಿಡ್ತೀವಿ ಅಂದೆವು. ಒಡೆಯರು ಬೇಡ ಅಂದರು."

"ಏನಂತ ಕೂಗ್ತಿದ್ದ?"

"ನಿನ್ನ ಹೆಸರು ಹಿಡಿದು ಕೂಗ್ತಿದ್ದ ಅಕ್ಕ."

ಹೊಂಬಾಳಿಗೆ ಆ ಕ್ಷಣ ಅವನ ಗಂಟಲಿಗೇ ರಂಪಿಗೆ ಹಾಕಬೇಕೆನ್ನಿಸಿತು, ಹಾಕಬಹುದಾಗಿಯೂ ಇತ್ತು; ಯಾರೂ ತಡೆಯುತ್ತಿರಲಿಲ್ಲ. ಆದರೆ ಗಂಟಲು ಕೊಯ್ದರೆ ಒಂದು ಗಳಿಗೆಯಲ್ಲಿ ಮುಗಿದುಹೋಗುತ್ತದೆ. ಅವಳು ರಂಪಿಗೆಯನ್ನು ಸೆರಗಿನಿಂದ ಒರೆಸಿ ತೊಡೆಯ ಮೇಲಿಟ್ಟುಕೊಂಡಳು. "ಗಂಟು ಬಿಚ್ಚೋಕೆ ಬರಲ್ಲ ಬುದ್ಧಿ. ಹಸಿತೊಗಲು. ನಾನೇ ಹಾಕಿದ್ದು. ಹೀಗೇ ಇದ್ದರೆ ಸಂಜೆಗೆ ಕಾಲು ಹೋಗುತ್ತೆ, ನಾಳೆಗೆ ಜೀವ. ಕೊಯ್ಯಲಾ? ನಿಮ್ಮ ಬಾಯಿಂದಲೇ ಹೇಳಬೇಕು. ಎಷ್ಟು ಸಲ ಹೇಳಬೇಕು ಅಂತ ತಮಗೆ ಗೊತ್ತು."

ಹೆಗ್ಗಡೆ ತಮ್ಮನ ಮುಖ ನೋಡಿದ. ತಮ್ಮ ಬೇರೆ ಕಡೆ ನೋಡಿದ. ಬೊಪ್ಪ ಹೆಗ್ಗಡೆ ಆಚೆಸೀಮೆಯ ಹೆಗ್ಗಡೆಯ ಕಡೆ ಕೈಚಾಚಿದ. "ಕಟ್ಟಳೆ ನಿಮಗೂ ಒಂದೇ, ನಮಗೂ ಒಂದೇ. ಮುದ್ದೀರನ ವಿಷಯದಲ್ಲಿ ನೀವು ಅದನ್ನು ಮುರಿದಿರಿ. ನಾನು ಮುರಿಯಲಾರೆ" ಎಂದು ಆತ ಹಿಂದೆ ಸರಿದ. ಮತ್ತೊಂದು ಸೌದೆ ಹತ್ತಿಕೊಂಡಿತು. ಹೆಗ್ಗಡೆ 'ಕೊಯ್ಯಿ' ಎಂದ. ಹೊಂಬಾಳಿ ಕಾದಳು. 'ಕೊಯ್ಯೇ' ಎಂದು ಅರಚಿದ. ಮೂರನೆಯ ಸಲ ಆ ಮಾತು ಗಂಟಲಿನಿಂದ ಬಂದದ್ದು ಕೇಳಿಸಲಿಲ್ಲ, ತುಟಿ ಅಲ್ಲಾಡಿದ್ದನ್ನು ಮಾತ್ರ ಎಲ್ಲರೂ ಕಂಡರು. ಹೊಂಬಾಳಿ ಎಡಗಾಲಿನದೊಂದು, ಬಲಗಾಲಿನದೊಂದು ಬಾರು ಕೊಯ್ದು, ತೊಗಲನ್ನು ಉದ್ದಕ್ಕೆ ಸೀಳಿ, ಕಾಲುಗಳನ್ನು ಹೊರಗೆ ತೆಗೆದಳು. ಮಡಿಲಲ್ಲಿದ್ದ ಅವನ ಅಳತೆದಾರವನ್ನು ತೆಗೆದು ಅವನ ಎದೆಯ ಮೇಲಿಟ್ಟಳು. ನೋವು ಇಳಿದ ಸುಖಕ್ಕೆ ಹೆಗ್ಗಡೆ ಕಣ್ಣು ಮುಚ್ಚಿ ಉಸಿರುಬಿಟ್ಟ.

ಕಣ್ಣು ತೆರೆಯುವಾಗ ಎಲ್ಲರೂ ಅವನಿಗೆ ಬೆನ್ನು ಹಾಕಿ ನಿಂತಿದ್ದರು. ಅವನ ತಮ್ಮ, ತಲೆಯ ವಸ್ತ್ರ ತೆಗೆದು ಕಂಕುಳಲ್ಲಿ ಇರುಕಿಕೊಂಡಿದ್ದ, ಸಾವಿನ ಮನೆಯಲ್ಲಿ ಮಾಡುವ ಹಾಗೆ. ಒಬ್ಬೊಬ್ಬರಾಗಿ ತಿರುಗಿ ನೋಡದೆ ಇಳಿಯತೊಡಗಿದರು. ಹೆಗ್ಗಡೆ ತಮ್ಮನನ್ನು ಕರೆದ, ದಾಯಾದಿಗಳನ್ನು ಹೆಸರು ಹಿಡಿದು ಕರೆದ, ಆಳುಗಳನ್ನು ಅಪ್ಪಾ ಅಣ್ಣಾ ಎಂದು ಕರೆದ. ಸತ್ತವರ ಕೂಗಿಗೆ ಓಗೊಡುವವರಾರು? ಕೆಳಗೆ ಮನೆಯಲ್ಲಿ ಆ ಸಂಜೆಯೇ ಹೆಂಡತಿ ಬಳೆ ಒಡೆದುಕೊಂಡಳು, ಹನ್ನೊಂದನೆಯ ದಿನಕ್ಕೆ ತಿಥಿಯೂ ಆಯಿತು. ಹೊಂಬಾಳಿಯೂ ಮಂಚನೂ ಮಾತ್ರ ಆ ದಿನ ಇಳಿಯಲಿಲ್ಲ. ಮಂಚ ಹಗ್ಗ ಇಳಿಬಿಟ್ಟ, ಅವಳು ಕೊರಕಲಿಗೆ ಇಳಿದು ಮುದ್ದೀರನ ಮೂಳೆಗಳನ್ನು ಕಂಬಳಿಯಲ್ಲಿ ಕಟ್ಟಿ ಮೇಲೆ ತಂದಳು. ಕಾಲಿನ ಮೂಳೆಗಳಿಗೆ, ತಾನು ಬೆನ್ನಿಗೆ ಕಟ್ಟಿ ತಂದಿದ್ದ ಅವನ ಮೆಟ್ಟನ್ನೇ ತೊಡಿಸಿ, ಬಾರು ಕೊಯ್ದು, ದಾರ ಇಟ್ಟು, ಕಣಿವೆಯ ಈಚೆ ಮಗ್ಗುಲಿಗೆ ಮಣ್ಣು ಮಾಡಿದಳು. ಒಂದು ವರ್ಷದಿಂದ ತಡೆದಿದ್ದ ಅಳುವನ್ನೆಲ್ಲ ಅಲ್ಲಿ ಅತ್ತಳು.

ಹೆಗ್ಗಡೆ ಬಂಡೆಯ ಕೆಳಗಿನ ಗವಿಯಂಥ ಜಾಗದಲ್ಲಿ ತೆವಳಿಕೊಂಡು ಬದುಕಿದ. ಕೆಲವರು ಒಂದು ವರ್ಷ ಎನ್ನುತ್ತಾರೆ, ಕೆಲವರು ಆರು ಎನ್ನುತ್ತಾರೆ. ಉಪ್ಪಿನೆತ್ತಿನ ಹೊರಸೀಮೆಯವರು ಅವನಾರೆಂದು ತಿಳಿಯದೆ ಮುಷ್ಟಿ ಹಿಟ್ಟು ಹಾಕುತ್ತಿದ್ದರಂತೆ. ತಿಳಿದವರು ಅದನ್ನೂ ಹಾಕಲಿಲ್ಲ. ಆ ವರ್ಷದ ಮಹಾಲಯ ಅಮಾವಾಸ್ಯೆಯಂದು ಹೊಂಬಾಳಿ ಹಿರಿಯರ ಎಡೆ ಹೊತ್ತು ಕಣಿವೆ ಹತ್ತಿದಳು. ಒಂದು ಎಲೆಯನ್ನು ಮುದ್ದೀರನ ಮಣ್ಣಿನ ಮೇಲಿಟ್ಟಳು. ಇನ್ನೊಂದು ಎಲೆಯನ್ನು ಹಾಸುಬಂಡೆಯ ಮೇಲೆ, ಹೆಗ್ಗಡೆಯ ಮುಂದೆಯೇ ಹಾಸಿ, ಅನ್ನ, ಕುಂಬಳಕಾಯಿ ಪಲ್ಯ, ವಡೆ ಬಡಿಸಿದಳು. ಅನ್ನದ ವಾಸನೆಗೆ ಅವನ ಬಾಯಲ್ಲಿ ನೀರೂರಿತು. "ಹೊಂಬಾಳೀ, ನಾನು ಬದುಕಿದೀನಿ ಕಣೇ. ಒಂದು ಸಲ ನನ್ನ ಕಡೆ ನೋಡಿ ಊಟ ಮಾಡು ಅನ್ನು" ಎಂದು ಎಲೆಗೆ ಕೈಚಾಚಿದ. ಅವಳು ಎದ್ದು ನಿಂತು, ಅವನ ತಲೆಯ ಮೇಲಿನಿಂದ ಆಕಾಶ ನೋಡುತ್ತ, 'ಕಾ, ಕಾ' ಎಂದು ಕಾಗೆಯನ್ನು ಕರೆದಳು.

ಈಗಲೂ ಮಹಾಲಯ ಅಮಾವಾಸ್ಯೆಯಂದು ಕೆಳಗೇರಿಯವರು ಕಣಿವೆ ಹತ್ತಿ ಎರಡು ಎಲೆ ಇಡುತ್ತಾರೆ, ಒಂದು ಮಣ್ಣಿನ ದಿಬ್ಬದ ಮೇಲೆ, ಒಂದು ಹಾಸುಬಂಡೆಯ ಮೇಲೆ. ಆ ದಿನ ಅಲ್ಲಿಗೆ ಹೋದ ಯಾರಿಗಾದರೂ ಕಾಣುತ್ತದೆ. ಹೋದ ವರ್ಷ ಪಟ್ಟಣದಿಂದ ಬಂದಿದ್ದ ಹೆಣ್ಣುಮಗಳೊಬ್ಬಳು ಕಥೆ ಕೇಳಿ, ಎಂಥ ದೊಡ್ಡ ಮನಸ್ಸು, ಗಂಡನನ್ನು ಕೊಂದವನಿಗೂ ಅನ್ನ ಇಟ್ಟಳಲ್ಲ ಎಂದು ಕಣ್ಣೊರೆಸಿಕೊಂಡಳು. ಎಲೆ ಹಾಸುತ್ತಿದ್ದ ಕೇರಿಯ ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ದೊಡ್ಡ ಮನಸ್ಸೂ ಇಲ್ಲ, ಗಿಡ್ಡ ಮನಸ್ಸೂ ಇಲ್ಲ ತಾಯಿ. ಎಡೆ ಇಡೋದು ಬಿಟ್ಟರೆ, ಅವನು ಸತ್ತದ್ದು ಜನಕ್ಕೆ ಮರೆತುಹೋಗುತ್ತೆ" ಎಂದು ವಡೆ ಬಡಿಸಿ, ಆಕಾಶ ನೋಡುತ್ತ ಕಾಗೆಯನ್ನು ಕರೆಯತೊಡಗಿದಳು.